ಇಲ್ಲದ ಸರಕಿನ ಮಾರಾಟ: ಗಡುವು ಯಾರಿಗಿದೆಯೋ ಗಂಡಾಂತರ ಅವರಿಗೆ

ನಮ್ಮ ವರದಿಗಾರರಿಂದ

ಕೊಳಗಲ್ಲು (ಬಳ್ಳಾರಿ ತಾಲ್ಲೂಕು): ಕೈಯಲ್ಲಿಲ್ಲದ ಸರಕನ್ನು ಇಂದಿನ ಬೆಲೆಗೆ ಮಾರಿ, ಮುಂದೆ ಬೆಲೆ ಇಳಿದಾಗ ಕೊಂಡು ಲೆಕ್ಕ ತೀರಿಸುವ ವ್ಯಾಪಾರಕ್ಕೆ ಷೇರು ಪೇಟೆಯಲ್ಲಿ ‘ಶಾರ್ಟ್ ಸೆಲ್ಲಿಂಗ್’ ಎಂದು ಹೆಸರು. ಹಳೆಯ ವರ್ತಕರ ಮಾತಿನಲ್ಲಿ ಇದು ‘ಮಂದಿ’ ವ್ಯಾಪಾರ. ಬೆಲೆ ಏರುವುದೆಂದು ನಂಬಿ ಕೊಳ್ಳುವುದು ‘ತೇಜಿ’. ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಮಂದಿಯವರು ಕರಡಿಗಳಾದರೆ, ತೇಜಿಯವರು ಗೂಳಿಗಳು.

2021ರ ಜನವರಿಯಲ್ಲಿ ಅಮೆರಿಕದ ಲಕ್ಷಾಂತರ ಸಣ್ಣ ಹೂಡಿಕೆದಾರರು ‘ಗೇಮ್‌ಸ್ಟಾಪ್’ ಎಂಬ ಒಂದೇ ಕಂಪನಿಯ ಷೇರಿಗೆ ಮುಗಿಬಿದ್ದು, ಸಾವಿರಾರು ಕೋಟಿ ರೂಪಾಯಿ ವಹಿವಾಟಿನ ಹೆಡ್ಜ್ ಫಂಡ್‌ಗಳನ್ನು ಕಂಗೆಡಿಸಿದ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಬಡವರ ಸೈನ್ಯ ಕುಬೇರರ ಕೋಟೆಗೆ ಲಗ್ಗೆ ಹಾಕಿತೆಂದು ಅದನ್ನು ಬಣ್ಣಿಸಿದವರೂ ಉಂಟು. ಅಂದಿನಿಂದ ನಮ್ಮ ದೇಶದ ಸಣ್ಣ ಊರುಗಳಲ್ಲಿಯೂ ಮೊಬೈಲ್ ಹಿಡಿದು ಷೇರು ವಹಿವಾಟಿಗಿಳಿದ ಯುವಕರ ಸಂಖ್ಯೆ ಏರುತ್ತಲೇ ಬಂದಿದೆ. ಆ ಕಥೆಯ ಧೈರ್ಯದ ಮೇಲೆ ಹಣ ಹಾಕುವ ಮುನ್ನ, ಅಲ್ಲಿ ಗೆದ್ದವರು ಯಾವ ಬಲದಿಂದ ಗೆದ್ದರು, ಆ ಬಲ ಇಲ್ಲಿನವರ ಕೈಯಲ್ಲಿದೆಯೇ ಎಂಬುದನ್ನು ಅರಿಯುವುದು ಅವಶ್ಯ.

ಮೆಣಸಿನಕಾಯಿ ಚೀಲದ ಲೆಕ್ಕ

ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಭಾಗದ ಓದುಗರಿಗೆ ಶಾರ್ಟ್ ಸೆಲ್ಲಿಂಗ್‌ನ ಒಳಗುಟ್ಟನ್ನು ಷೇರಿಗಿಂತ ಒಣ ಮೆಣಸಿನಕಾಯಿಯ ಮೂಲಕ ತಿಳಿಸುವುದು ಸುಲಭ. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ.

ರೈತನೊಬ್ಬ ಹತ್ತು ಕ್ವಿಂಟಲ್ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟಿದ್ದಾನೆ. ಅವನಿಗೆ ಸದ್ಯಕ್ಕೆ ಮಾರುವ ಆತುರವಿಲ್ಲ. ವರ್ತಕನೊಬ್ಬ ಬಂದು, ‘ನಿನ್ನ ಮಾಲನ್ನು ನನಗೆ ಕಡ ಕೊಡು. ಎರಡು ತಿಂಗಳ ನಂತರ ಅಷ್ಟೇ ತೂಕದ, ಅದೇ ಗುಣಮಟ್ಟದ ಮಾಲು ವಾಪಸು ಕೊಡುತ್ತೇನೆ, ಜೊತೆಗೆ ಇಷ್ಟು ಬಾಡಿಗೆ’ ಎನ್ನುತ್ತಾನೆ. ರೈತ ಒಪ್ಪುತ್ತಾನೆ. ವರ್ತಕ ಆ ಮಾಲನ್ನು ಅಂದೇ ಕ್ವಿಂಟಲ್‌ಗೆ 20 ಸಾವಿರ ರೂಪಾಯಿಯಂತೆ ಮಾರಿ 2 ಲಕ್ಷ ರೂಪಾಯಿ ಎಣಿಸಿಕೊಳ್ಳುತ್ತಾನೆ.

ಎರಡು ತಿಂಗಳಲ್ಲಿ ಹೊಸ ಫಸಲು ಬಂದು ಬೆಲೆ 14 ಸಾವಿರಕ್ಕೆ ಇಳಿಯಿತೆನ್ನಿ. ವರ್ತಕ 1 ಲಕ್ಷದ 40 ಸಾವಿರಕ್ಕೆ ಹತ್ತು ಕ್ವಿಂಟಲ್ ಕೊಂಡು ರೈತನಿಗೆ ಹಿಂದಿರುಗಿಸುತ್ತಾನೆ. ಉಳಿದ 60 ಸಾವಿರದಲ್ಲಿ ಬಾಡಿಗೆ ಕಳೆದರೆ ಮಿಕ್ಕಿದ್ದು ಲಾಭ. ಆದರೆ ಬೆಳೆಗೆ ರೋಗ ತಗುಲಿ ಬೆಲೆ 30 ಸಾವಿರಕ್ಕೆ ಏರಿದರೆ 1 ಲಕ್ಷ ನಷ್ಟ. 60 ಸಾವಿರಕ್ಕೆ ಏರಿದರೆ 4 ಲಕ್ಷ ನಷ್ಟ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಬೆಲೆ ಸೊನ್ನೆಗಿಂತ ಕೆಳಗೆ ಇಳಿಯದು. ಆದ್ದರಿಂದ ಮಂದಿ ವರ್ತಕನ ಲಾಭ 2 ಲಕ್ಷವನ್ನು ಮೀರಲಾರದು. ಬೆಲೆಯ ಏರಿಕೆಗೆ ಮಾತ್ರ ಮಿತಿಯಿಲ್ಲ. ಹಾಗಾಗಿ ಅವನ ನಷ್ಟಕ್ಕೂ ಮಿತಿಯಿಲ್ಲ. ಎರಡನೆಯದು, ಅವನಿಗೆ ಗಡುವು ಉಂಟು. ಬೆಲೆ ಎಷ್ಟೇ ಇರಲಿ, ಹೇಳಿದ ದಿನ ಮಾಲು ಒಪ್ಪಿಸಲೇಬೇಕು. ಸ್ವಂತ ಮಾಲು ಇಟ್ಟುಕೊಂಡ ರೈತನಿಗೆ ಅಂತಹ ಗಡುವಿಲ್ಲ. ಬೆಲೆ ಬಿದ್ದರೆ ಆತ ಕಾಯಬಲ್ಲ.

ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ವರ್ತಕನಿಂದ ಮಾಲು ಕೊಂಡವನು ಅದನ್ನು ಅದೇ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಮತ್ತೊಬ್ಬ ವರ್ತಕನಿಗೆ ಕಡ ಕೊಡುತ್ತಾನೆ. ಅವನೂ ಅದನ್ನು ಮಾರುತ್ತಾನೆ. ಮಾಲು ಇರುವುದು ಹತ್ತು ಕ್ವಿಂಟಲ್. ಹಿಂದಿರುಗಿಸಬೇಕಾದ ಲೆಕ್ಕ ಇಪ್ಪತ್ತು ಕ್ವಿಂಟಲ್. ಇದೇ ಹೊತ್ತಿನಲ್ಲಿ ಕೊಂಡವರೆಲ್ಲ ‘ನಾವು ಮಾರುವುದಿಲ್ಲ’ ಎಂದು ಕುಳಿತರೆ ಇಬ್ಬರು ವರ್ತಕರೂ ಕೇಳಿದಷ್ಟು ಬೆಲೆ ತೆರಬೇಕಾಗುತ್ತದೆ. ಅವರು ಕೊಳ್ಳಲು ಓಡಾಡಿದಷ್ಟೂ ಬೆಲೆ ಮತ್ತಷ್ಟು ಏರುತ್ತದೆ. ಈ ಇಕ್ಕಟ್ಟಿಗೆ ಪೇಟೆಯಲ್ಲಿ ‘ಶಾರ್ಟ್ ಸ್ಕ್ವೀಜ್’ ಎನ್ನುತ್ತಾರೆ.

ಅಮೆರಿಕದಲ್ಲಿ ನಡೆದುದೇನು?

ಗೇಮ್‌ಸ್ಟಾಪ್ ಎಂಬುದು ವಿಡಿಯೊ ಗೇಮ್ ಮಾರುವ ಅಂಗಡಿಗಳ ಸರಣಿ. ಆಟಗಳು ಅಂತರ್ಜಾಲದಲ್ಲಿಯೇ ದೊರೆಯತೊಡಗಿದ ಮೇಲೆ ಅದರ ವ್ಯಾಪಾರ ಕುಗ್ಗಿತ್ತು. ಕಂಪನಿ ಮುಳುಗುತ್ತದೆ ಎಂದು ಲೆಕ್ಕ ಹಾಕಿದ ಹೆಡ್ಜ್ ಫಂಡ್‌ಗಳು ಅದರ ಷೇರುಗಳನ್ನು ಕಡ ಪಡೆದು ಮಾರಿದ್ದವು. ಸಿರಿವಂತರಿಂದ ಮತ್ತು ಸಂಸ್ಥೆಗಳಿಂದ ಭಾರೀ ಮೊತ್ತ ಸಂಗ್ರಹಿಸಿ, ಸಾಲವನ್ನೂ ಸೇರಿಸಿಕೊಂಡು, ಏರಿಕೆ ಇಳಿಕೆ ಎರಡರ ಮೇಲೂ ಪಣ ಕಟ್ಟುವ ನಿಧಿಗಳೇ ಹೆಡ್ಜ್ ಫಂಡ್‌ಗಳು.

ಮಾರಾಟ ಮಿತಿ ಮೀರಿತ್ತು. ಪೇಟೆಯಲ್ಲಿ ಕೈ ಬದಲಾಯಿಸಲು ಲಭ್ಯವಿದ್ದ ಷೇರುಗಳಿಗಿಂತಲೂ ಕಡ ಪಡೆದು ಮಾರಿದ ಷೇರುಗಳ ಲೆಕ್ಕ ಹೆಚ್ಚಾಗಿತ್ತು. ಕಂಪನಿಯ ಷೇರು ಅಗ್ಗವಾಗಿದೆಯೆಂದು 2020ರಿಂದಲೇ ವಾದಿಸುತ್ತಿದ್ದ ಕೀತ್ ಗಿಲ್ ಎಂಬ ಹೂಡಿಕೆದಾರನ ಮಾತಿಗೆ 2021ರ ಜನವರಿಯಲ್ಲಿ ಜನ ಕಿವಿಗೊಟ್ಟರು. ಸಣ್ಣ ಸಣ್ಣ ಮೊತ್ತಗಳಲ್ಲಿ ಕೊಳ್ಳುವಿಕೆ ಆರಂಭವಾಯಿತು. ತಿಂಗಳ ಆರಂಭದಲ್ಲಿ 20 ಡಾಲರ್‌ಗೂ ಕಡಿಮೆಯಿದ್ದ ಷೇರು ಜನವರಿ 28ರಂದು ವಹಿವಾಟಿನ ನಡುವೆ 483 ಡಾಲರ್ ಮುಟ್ಟಿತು. (ಇದು 2022ರಲ್ಲಿ ಷೇರು ವಿಭಜನೆಯಾಗುವ ಮುಂಚಿನ ಬೆಲೆ.)

ಮೆಲ್ವಿನ್ ಕ್ಯಾಪಿಟಲ್ ಎಂಬ ಹೆಡ್ಜ್ ಫಂಡ್ ಆ ಒಂದೇ ತಿಂಗಳಲ್ಲಿ ತನ್ನ ಮೌಲ್ಯದ ಶೇ.53ರಷ್ಟನ್ನು ಕಳೆದುಕೊಂಡಿತು. ಬೇರೆ ನಿಧಿಗಳು 275 ಕೋಟಿ ಡಾಲರ್ ನೀಡಿ ಅದನ್ನು ತಾತ್ಕಾಲಿಕವಾಗಿ ಎತ್ತಿ ನಿಲ್ಲಿಸಿದವು. 2022ರ ಮೇ ತಿಂಗಳಲ್ಲಿ ಅದು ಬಾಗಿಲು ಮುಚ್ಚುವ ನಿರ್ಧಾರ ಪ್ರಕಟಿಸಿತು.

ಇಷ್ಟು ಎಲ್ಲರೂ ಬಲ್ಲ ಕಥೆ. ಆದರೆ ಅದೇ ಜನವರಿ 28ರಂದು ಸಣ್ಣ ಹೂಡಿಕೆದಾರರ ಮೆಚ್ಚಿನ ದಲ್ಲಾಳಿ ಸಂಸ್ಥೆ ರಾಬಿನ್‌ಹುಡ್ ಈ ಷೇರನ್ನು ಕೊಳ್ಳುವುದನ್ನೇ ನಿಲ್ಲಿಸಿತು. ಮಾರುವುದಕ್ಕೆ ಮಾತ್ರ ಅವಕಾಶವಿತ್ತು. ಕಾರಣ, ವಹಿವಾಟು ಇತ್ಯರ್ಥಪಡಿಸುವ ಸಂಸ್ಥೆ ಅಂದು ಬೆಳಗಿನ ಜಾವ ಸುಮಾರು 300 ಕೋಟಿ ಡಾಲರ್ ಠೇವಣಿ ಕೇಳಿತ್ತು. ಅಂದರೆ ದಲ್ಲಾಳಿಗೂ ಒಂದು ಗಡುವಿತ್ತು. ಕೊಳ್ಳುವವರು ಇಲ್ಲವಾದ ಕೂಡಲೇ ಬೆಲೆ ಕುಸಿಯಿತು. ಫೆಬ್ರವರಿ ಮಧ್ಯದ ಹೊತ್ತಿಗೆ ಷೇರು 50 ಡಾಲರ್ ಆಸುಪಾಸಿನಲ್ಲಿತ್ತು. ಸುದ್ದಿ ಕೇಳಿ 300, 400 ಡಾಲರ್ ಕೊಟ್ಟು ಕೊಂಡ ಕೊನೆಯ ಸಾಲಿನವರು ನಷ್ಟದ ಮೂಟೆ ಹೊತ್ತರು.

ಇನ್ನೊಂದು ಸಂಗತಿ ಹೆಚ್ಚು ಪ್ರಚಾರ ಪಡೆಯಲಿಲ್ಲ. ಸೆನ್ವೆಸ್ಟ್ ಎಂಬ ನ್ಯೂಯಾರ್ಕ್‌ನ ಹೆಡ್ಜ್ ಫಂಡ್ ಮೊದಲೇ ಗೇಮ್‌ಸ್ಟಾಪ್ ಷೇರು ಕೊಂಡಿಟ್ಟಿತ್ತು. ಈ ಗದ್ದಲದಲ್ಲಿ ಅದು ಸುಮಾರು 70 ಕೋಟಿ ಡಾಲರ್ ಲಾಭ ಮಾಡಿಕೊಂಡಿತು. ಅಮೆರಿಕದ ಷೇರು ನಿಯಂತ್ರಣ ಆಯೋಗ 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ವರದಿಯೂ, ಬೆಲೆ ವಾರಗಟ್ಟಲೆ ಮೇಲೆ ನಿಂತದ್ದಕ್ಕೆ ಕರಡಿಗಳ ಓಡಾಟವೇ ಮುಖ್ಯ ಕಾರಣವಲ್ಲ, ಜನರ ಉತ್ಸಾಹದ ಖರೀದಿಯೇ ಕಾರಣ ಎಂದಿತು. ಹೀಗೆ ಸಣ್ಣವರೆಲ್ಲ ಗೆದ್ದರು, ದೊಡ್ಡವರೆಲ್ಲ ಸೋತರು ಎಂಬ ಮಾತು ಅರ್ಧ ಸತ್ಯ. ಗಡುವು ಇದ್ದವರು ಸೋತರು; ಸ್ವಂತ ಹಣದಲ್ಲಿ ಅಗ್ಗಕ್ಕೆ ಕೊಂಡು, ಮಾರುವ ದಿನವನ್ನು ತಾವೇ ಆರಿಸಿಕೊಂಡವರು ಗೆದ್ದರು.

ಮುಂಬೈಯ ಹಳೆಯ ಪಾಠ

ಕರಡಿಗಳನ್ನು ಇಕ್ಕಟ್ಟಿಗೆ ಸಿಲುಕಿಸುವ ಆಟ ನಮ್ಮ ದೇಶಕ್ಕೆ ಹೊಸದಲ್ಲ. ಗೇಮ್‌ಸ್ಟಾಪ್‌ಗೆ ಸುಮಾರು ನಲವತ್ತು ವರ್ಷ ಮೊದಲೇ ಮುಂಬೈ ಷೇರು ಪೇಟೆ ಅದನ್ನು ಕಂಡಿತ್ತು.

1982ರ ಮಾರ್ಚ್ 18ರಂದು ಕಲ್ಕತ್ತಾ ಮೂಲದ ಕರಡಿ ಕೂಟವೊಂದು ರಿಲಯನ್ಸ್ ಷೇರುಗಳನ್ನು ಒಮ್ಮೆಲೇ ಮಾರತೊಡಗಿತು. ಕೈಯಲ್ಲಿ ಷೇರು ಇರಲಿಲ್ಲ. ಅಂದು ‘ಬದ್ಲಾ’ ಪದ್ಧತಿ ಜಾರಿಯಲ್ಲಿತ್ತು. ಅದರಂತೆ ಲೆಕ್ಕ ತೀರಿಸದೆ, ಶುಲ್ಕ ತೆತ್ತು ವ್ಯವಹಾರವನ್ನು ಮುಂದಿನ ಅವಧಿಗೆ ದೂಡಬಹುದಿತ್ತು. ಬೆಲೆ ಕುಸಿದ ಮೇಲೆ ಕೊಂಡರಾಯಿತು ಎಂಬುದು ಕೂಟದ ಎಣಿಕೆ.

ಆದರೆ ಧೀರೂಭಾಯಿ ಅಂಬಾನಿಯವರ ಪರವಾದ ದಲ್ಲಾಳಿಗಳು ಮಾರಿದ್ದನ್ನೆಲ್ಲ ಕೊಳ್ಳುತ್ತ ಹೋದರು. ಏಪ್ರಿಲ್ ಕೊನೆಯಲ್ಲಿ ಲೆಕ್ಕ ತೀರಿಸುವ ದಿನ ಬಂದಾಗ ‘ಮುಂದೂಡುವುದು ಬೇಡ, ಷೇರು ಕೊಡಿ’ ಎಂದು ಪಟ್ಟು ಹಿಡಿದರು. ಕೊಡಲು ಷೇರಿಲ್ಲದೆ ಕರಡಿಗಳು ಕಂಗಾಲಾದರು. ಬಿಕ್ಕಟ್ಟು ತೀವ್ರವಾಗಿ ಮುಂಬೈ ಷೇರು ಪೇಟೆಯೇ ಮೂರು ದಿನ ಮುಚ್ಚಬೇಕಾಯಿತು. ಷೇರಿನ ಬೆಲೆ ಮೇಲಕ್ಕೆ ಜಿಗಿಯಿತು.

ಇದನ್ನೂ ಸಣ್ಣ ಹೂಡಿಕೆದಾರರ ವಿಜಯವೆಂದು ಹಾಡಿ ಹೊಗಳಲಾಯಿತು. ಆದರೆ ಕೊಳ್ಳಲು ಹಣ ಸುರಿದವರು ಸಣ್ಣವರಲ್ಲ. 1982-83ರಲ್ಲಿ ಅನಿವಾಸಿ ಹೂಡಿಕೆದಾರರ ಹೆಸರಿನಲ್ಲಿ ರಿಲಯನ್ಸ್ ಷೇರಿಗೆ ಸುಮಾರು 22 ಕೋಟಿ ರೂಪಾಯಿ ಹರಿದು ಬಂದ ವಿಷಯ ಸಂಸತ್ತಿನಲ್ಲಿ ಚರ್ಚೆಯಾಯಿತು. ಕ್ರೊಕೊಡೈಲ್, ಲೋಟಾ, ಫಿಯಾಸ್ಕೊ ಎಂಬಂತಹ ವಿಚಿತ್ರ ಹೆಸರಿನ ಹೊರದೇಶದ ಕಂಪನಿಗಳು ಈ ಪ್ರಕರಣದಲ್ಲಿ ಸುದ್ದಿಯಾದವು. ಕರಡಿ ಸೋತದ್ದು ಜನರ ಗುಂಪಿಗಲ್ಲ. ತನಗಿಂತ ಹೆಚ್ಚು ಕಾಲ ಕಾಯಬಲ್ಲ, ತನಗಿಂತ ದೊಡ್ಡ ಚೀಲ ಇದ್ದವನಿಗೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

2001ರ ಮಾರ್ಚ್‌ನಲ್ಲಿ ಕೇತನ್ ಪಾರೇಖ್ ಹಗರಣದ ಹೊತ್ತಿನ ಕುಸಿತದ ವೇಳೆ ಭಾರತೀಯ ಷೇರು ವಿನಿಮಯ ಮಂಡಳಿ, ಅಂದರೆ ಸೆಬಿ, ಶಾರ್ಟ್ ಸೆಲ್ಲಿಂಗ್ ಮೇಲೆ ನಿರ್ಬಂಧ ಹೇರಿತು. ಅದೇ ವರ್ಷದ ಜುಲೈನಲ್ಲಿ ಬದ್ಲಾ ಪದ್ಧತಿಯೂ ಕೊನೆಗೊಂಡಿತು. 2008ರ ಏಪ್ರಿಲ್‌ನಲ್ಲಿ ಷೇರು ಕಡ ಕೊಡುವ ಮತ್ತು ಪಡೆಯುವ ಅಧಿಕೃತ ವ್ಯವಸ್ಥೆ ಆರಂಭವಾಗಿ, ಸಂಸ್ಥೆಗಳಿಗೂ ಸಣ್ಣ ಹೂಡಿಕೆದಾರರಿಗೂ ಶಾರ್ಟ್ ಸೆಲ್ಲಿಂಗ್ ಬಾಗಿಲು ತೆರೆಯಿತು.

2024ರ ಜನವರಿಯಲ್ಲಿ ಸೆಬಿ ನಿಯಮವನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಅದರಂತೆ ಕಡವನ್ನೂ ಪಡೆಯದೆ ಬರಿಗೈಯಲ್ಲಿ ಮಾರಿ ಷೇರು ಒಪ್ಪಿಸದಿರುವುದು ನಿಷಿದ್ಧ. ಶಾರ್ಟ್ ಸೆಲ್ ಮಾಡುವ ಸಂಸ್ಥೆ ಅದನ್ನು ಆರ್ಡರ್ ಹಾಕುವಾಗಲೇ ತಿಳಿಸಬೇಕು. ಸಣ್ಣ ಹೂಡಿಕೆದಾರ ಅಂದಿನ ವಹಿವಾಟು ಮುಗಿಯುವುದರೊಳಗೆ ತಿಳಿಸಬೇಕು.

ಸಾಮಾನ್ಯ ಹೂಡಿಕೆದಾರ ಬೆಳಿಗ್ಗೆ ಮಾರಿದ ಇಲ್ಲದ ಷೇರನ್ನು ಅಂದು ಮಧ್ಯಾಹ್ನ ವಹಿವಾಟು ಮುಗಿಯುವ ಮೊದಲೇ ಕೊಂಡು ಲೆಕ್ಕ ಸರಿ ಮಾಡುವುದು ವಾಡಿಕೆ. ಹಾಗೆ ಕೊಳ್ಳಲಾಗದಿದ್ದರೆ ವಿನಿಮಯ ಕೇಂದ್ರ ಹರಾಜಿನ ಮೂಲಕ ಷೇರು ತಂದು ಖರೀದಿದಾರನಿಗೆ ಕೊಡುತ್ತದೆ. ಹರಾಜಿನ ಬೆಲೆ ಮತ್ತು ದಂಡ ಎರಡೂ ಮಾರಿದವನ ತಲೆಗೆ. ಮಾರಿದ ಷೇರಿನ ಬೆಲೆ ಅಂದು ಗರಿಷ್ಠ ಮಿತಿಯವರೆಗೆ ಏರಿ, ಮಾರುವವರೇ ಇಲ್ಲದಂತಾದರೆ ಇಂತಹ ಪ್ರಸಂಗ ಎದುರಾಗುತ್ತದೆ. 2023ರ ಜನವರಿ 27ರಿಂದ ದೇಶದ ಎಲ್ಲ ಷೇರುಗಳ ಲೆಕ್ಕವೂ ವಹಿವಾಟಿನ ಮರುದಿನವೇ ತೀರುತ್ತಿರುವುದರಿಂದ ಗಡುವು ಇನ್ನಷ್ಟು ಬಿಗಿಯಾಗಿದೆ.

ಹಾಗಾದರೆ ಇಲ್ಲಿಯೂ ಹತ್ತು ಸಾವಿರ ಜನ ಸೇರಿ ‘ಇಂಥ ಷೇರು ಕೊಳ್ಳೋಣ, ಬೆಲೆ ಏರಿಸೋಣ’ ಎಂದು ಒಪ್ಪಂದ ಮಾಡಿಕೊಳ್ಳಬಹುದೇ? ತಾವೇ ಅಧ್ಯಯನ ಮಾಡಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಬೆಲೆಯನ್ನು ಕೃತಕವಾಗಿ ಏರಿಸಲು ಹೊಂದಾಣಿಕೆಯಿಂದ ವಹಿವಾಟು ನಡೆಸುವುದು, ಸುಳ್ಳು ಸುದ್ದಿ ಹರಡುವುದು 2003ರ ವಂಚನೆ ತಡೆ ನಿಯಮಗಳ ಪ್ರಕಾರ ಅಪರಾಧ. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಷೇರನ್ನು ಯೂಟ್ಯೂಬ್ ವಿಡಿಯೊಗಳ ಮೂಲಕ ಉಬ್ಬಿಸಿ ಮಾರಲಾಯಿತೆಂಬ ಪ್ರಕರಣದಲ್ಲಿ ಸೆಬಿ 2023ರ ಮಾರ್ಚ್‌ನಲ್ಲಿ ಹಲವರನ್ನು ಪೇಟೆಯಿಂದ ನಿರ್ಬಂಧಿಸಿತು. ಇಂತಹ ಪ್ರಕರಣಗಳಲ್ಲಿ ವಿಡಿಯೊ ನೋಡಿ ಕೊಂಡ ಸಾಮಾನ್ಯರೇ ಕೊನೆಗೆ ಬೆಲೆಯಿಲ್ಲದ ಷೇರು ಹಿಡಿದು ಉಳಿಯುತ್ತಾರೆ.

ಕರಡಿಗಳು ಬೇಡವೇ?

ಇಷ್ಟು ಓದಿದ ಮೇಲೆ ಶಾರ್ಟ್ ಸೆಲ್ಲಿಂಗ್ ಎಂಬುದೇ ಕೇಡಿನ ಕಸುಬು ಎಂಬ ಭಾವನೆ ಮೂಡಬಹುದು. ಅದು ಸರಿಯಲ್ಲ. ಬೆಲೆ ಏರಬೇಕೆಂದು ಬಯಸುವವರೇ ತುಂಬಿರುವ ಪೇಟೆಯಲ್ಲಿ, ಕಂಪನಿಯ ಲೆಕ್ಕಪತ್ರದ ಹುಳುಕನ್ನು ಹಣ ಖರ್ಚು ಮಾಡಿ ಹುಡುಕುವ ಆಸಕ್ತಿ ಇರುವುದು ಕರಡಿಗೆ ಮಾತ್ರ. ಅಮೆರಿಕದ ಎನ್ರಾನ್ ಕಂಪನಿ 2001ರಲ್ಲಿ ದಿವಾಳಿಯಾಗುವ ಮುನ್ನವೇ ಅದರ ಲೆಕ್ಕಗಳನ್ನು ಶಂಕಿಸಿ ಷೇರು ಮಾರಿದ್ದ ಜಿಮ್ ಚಾನೋಸ್ ಇದಕ್ಕೆ ಪ್ರಸಿದ್ಧ ನಿದರ್ಶನ.

ನಮ್ಮ ದೇಶದಲ್ಲಿ ಈ ಚರ್ಚೆ ಕಾವೇರಿದ್ದು 2023ರ ಜನವರಿ 24ರಂದು. ಹಿಂಡೆನ್‌ಬರ್ಗ್ ರಿಸರ್ಚ್ ಎಂಬ ಅಮೆರಿಕದ ಶಾರ್ಟ್ ಸೆಲ್ಲಿಂಗ್ ಸಂಸ್ಥೆ ಅದಾನಿ ಸಮೂಹದ ವಿರುದ್ಧ ವರದಿ ಪ್ರಕಟಿಸಿತು. ಮಂಗಳೂರು ವಿಮಾನ ನಿಲ್ದಾಣ, ಉಡುಪಿ ಜಿಲ್ಲೆಯ ಉಷ್ಣ ವಿದ್ಯುತ್ ಸ್ಥಾವರಗಳ ಮೂಲಕ ಕರ್ನಾಟಕಕ್ಕೂ ಪರಿಚಿತವಾದ ಈ ಸಮೂಹ ಆರೋಪಗಳನ್ನು ತಳ್ಳಿಹಾಕಿತು. ಸಮೂಹದ ಷೇರುಗಳ ಒಟ್ಟು ಮೌಲ್ಯ ಕೆಲವೇ ವಾರಗಳಲ್ಲಿ ಹತ್ತು ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಕರಗಿತು. ಅದಾನಿ ಎಂಟರ್‌ಪ್ರೈಸಸ್ ತನ್ನ 20 ಸಾವಿರ ಕೋಟಿ ರೂಪಾಯಿಯ ಷೇರು ನೀಡಿಕೆಯನ್ನು ಹಿಂಪಡೆಯಿತು. 2024ರ ಜನವರಿ 3ರಂದು ಸುಪ್ರೀಂ ಕೋರ್ಟ್ ತನಿಖೆಯನ್ನು ಸೆಬಿಯಿಂದ ಬೇರೆಡೆಗೆ ವರ್ಗಾಯಿಸಲು ನಿರಾಕರಿಸಿತು. ಜೊತೆಗೆ ಈ ಶಾರ್ಟ್ ಸೆಲ್ಲಿಂಗ್‌ನಲ್ಲಿ ಕಾನೂನು ಉಲ್ಲಂಘನೆಯಾಗಿದೆಯೇ ಎಂದು ಪರಿಶೀಲಿಸುವಂತೆಯೂ ಸೂಚಿಸಿತು. 2025ರ ಜನವರಿಯಲ್ಲಿ ಹಿಂಡೆನ್‌ಬರ್ಗ್ ಸಂಸ್ಥೆಯನ್ನು ಅದರ ಸ್ಥಾಪಕರೇ ವಿಸರ್ಜಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸೆಬಿ ಕೆಲವು ಆರೋಪಗಳು ರುಜುವಾತಾಗಿಲ್ಲವೆಂದು ಆದೇಶ ನೀಡಿತು.

ಸರಿ ತಪ್ಪುಗಳು ಏನೇ ಇರಲಿ, ಆ ದಿನಗಳಲ್ಲಿ ಸಾಲ ಮಾಡಿ ಷೇರು ಕೊಂಡವರು ಕುಸಿತದಲ್ಲಿಯೇ ಮಾರಬೇಕಾಯಿತು. ಸ್ವಂತ ಹಣ ಹಾಕಿದವರಿಗೆ ಕನಿಷ್ಠ ಪಕ್ಷ ಕಾಯುವ ಆಯ್ಕೆಯಾದರೂ ಉಳಿದಿತ್ತು.

ನಮ್ಮ ಸಣ್ಣ ಹೂಡಿಕೆದಾರ ನಿಂತಿರುವ ಜಾಗ

ಭಾರತದಲ್ಲಿ ಸಣ್ಣ ಹೂಡಿಕೆದಾರರು ಮತ್ತು ಜಗತ್ತಿನ ದೈತ್ಯ ವಹಿವಾಟು ಸಂಸ್ಥೆಗಳು ನಿಜವಾಗಿ ಮುಖಾಮುಖಿಯಾಗುವುದು ಷೇರಿನಲ್ಲಿ ಅಲ್ಲ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯವಹಾರದಲ್ಲಿ.

ಆಪ್ಷನ್ ಎಂಬುದನ್ನು ಜಮೀನಿಗೆ ಕೊಡುವ ಸಂಚಕಾರಕ್ಕೆ ಹೋಲಿಸಬಹುದು. ಇಷ್ಟು ದಿನದೊಳಗೆ ಇಷ್ಟು ಬೆಲೆಗೆ ಕೊಳ್ಳುವ ಹಕ್ಕಿಗಾಗಿ ಹತ್ತು ಸಾವಿರ ಕೊಡುತ್ತೀರಿ. ಅಷ್ಟರಲ್ಲಿ ಬೆಲೆ ಏರಿದರೆ ಲಾಭ. ಏರದೆ ದಿನ ಕಳೆದರೆ ಸಂಚಕಾರ ಹೋಯಿತು. ಷೇರು ಸೂಚ್ಯಂಕಗಳ ಆಪ್ಷನ್‌ಗಳಿಗೆ ಈ ‘ದಿನ’ ಬಹುಪಾಲು ವಾರಕ್ಕೊಮ್ಮೆ ಬರುತ್ತದೆ.

ಒಂದು ಕಾಲದಲ್ಲಿ ಷೇರು ಕೊಳ್ಳಲು ಕಾಗದದ ಪ್ರಮಾಣಪತ್ರ, ದಲ್ಲಾಳಿಯ ಕಚೇರಿ, ವಾರಗಟ್ಟಲೆ ಕಾಯುವಿಕೆ ಎಲ್ಲವೂ ಬೇಕಿತ್ತು. 1963ರಲ್ಲಿ ಸ್ಥಾಪನೆಯಾದ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರಲ್ಲಿ ಕಣ್ಮುಚ್ಚಿತು. ಅದೇ ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಜೆರೋಧಾ ಮತ್ತು ಅದರ ಹಾದಿ ಹಿಡಿದ ಅಗ್ಗದ ಶುಲ್ಕದ ದಲ್ಲಾಳಿ ಸಂಸ್ಥೆಗಳು ಪೇಟೆಯನ್ನು ಮೊಬೈಲ್‌ಗೆ ತಂದವು. ಬಾಗಿಲು ಅಗಲವಾಯಿತು, ಒಳಗೆ ಹೋದವರ ಗತಿ ಏನಾಯಿತು ಎಂಬುದಕ್ಕೆ ಸೆಬಿಯ ಅಂಕಿಅಂಶಗಳೇ ಉತ್ತರ ನೀಡುತ್ತವೆ.

2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವಾಯಿದೆ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇ.93ರಷ್ಟು ಮಂದಿ ನಷ್ಟ ಅನುಭವಿಸಿದರು. ಶುಲ್ಕಗಳೂ ಸೇರಿ ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು 1 ಲಕ್ಷಕ್ಕೂ ಹೆಚ್ಚು ಲಾಭ ಮಾಡಿದವರು ಶೇ.1 ಮಾತ್ರ. 2024-25ರಲ್ಲಿಯೂ ಶೇ.91ರಷ್ಟು ಮಂದಿ ನಷ್ಟಕ್ಕೀಡಾದರು. ಆ ವರ್ಷದ ನಿವ್ವಳ ನಷ್ಟ 1.05 ಲಕ್ಷ ಕೋಟಿ ರೂಪಾಯಿ.

ಈ ಹಣ ಎಲ್ಲಿಗೆ ಹೋಯಿತು? 2023-24ರಲ್ಲಿ ಶುಲ್ಕಗಳನ್ನು ಲೆಕ್ಕಿಸುವ ಮೊದಲು, ಸ್ವಂತ ಹಣದಲ್ಲಿ ವಹಿವಾಟು ನಡೆಸುವ ಸಂಸ್ಥೆಗಳು ಸುಮಾರು 33 ಸಾವಿರ ಕೋಟಿ, ವಿದೇಶಿ ಸಾಂಸ್ಥಿಕ ಹೂಡಿಕೆದಾರರು ಸುಮಾರು 28 ಸಾವಿರ ಕೋಟಿ ರೂಪಾಯಿ ಲಾಭ ಗಳಿಸಿದರು. ವ್ಯಕ್ತಿಗಳು ಮತ್ತು ಇತರರ ನಷ್ಟ 61 ಸಾವಿರ ಕೋಟಿ. ಒಂದು ಕಡೆಯ ಕಳೆತ ಇನ್ನೊಂದು ಕಡೆಯ ಗಳಿಕೆಗೆ ಸರಿಸುಮಾರು ಸಮ. ದೊಡ್ಡವರ ಲಾಭದ ಬಹುಪಾಲು ಬಂದದ್ದು ಕಣ್ಣೆವೆ ಮುಚ್ಚುವುದರೊಳಗೆ ಸಾವಿರ ಆರ್ಡರ್ ಹಾಕಬಲ್ಲ ಕಂಪ್ಯೂಟರ್‌ಗಳಿಂದ.

ನಮ್ಮ ಜಿಲ್ಲೆಯ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಕಿ ಇನ್ನೊಂದಿದೆ. ಆ ವರ್ಷ ವಾಯಿದೆ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ.72ಕ್ಕೂ ಹೆಚ್ಚು ಮಂದಿ ದೇಶದ ಮೊದಲ 30 ನಗರಗಳಿಂದ ಹೊರಗಿನವರು. ಶೇ.75ರಷ್ಟು ಮಂದಿ ತಮ್ಮ ವಾರ್ಷಿಕ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆಯೆಂದು ಘೋಷಿಸಿಕೊಂಡವರು. ಶೇ.43ರಷ್ಟು ಮಂದಿ 30 ವರ್ಷದೊಳಗಿನವರು. ಬಳ್ಳಾರಿ, ಸಿರುಗುಪ್ಪಗಳಂತಹ ಊರುಗಳ ದುಡಿಮೆಯ ಹಣವೇ ಈ ಲೆಕ್ಕದಲ್ಲಿ ಸೇರಿದೆ ಎಂದರ್ಥ.

2024ರ ಜನವರಿ 17

ಈ ಅಸಮ ಕಾದಾಟ ಹೇಗೆ ನಡೆಯುತ್ತದೆ ಎಂಬುದಕ್ಕೆ ಸೆಬಿ 2025ರ ಜುಲೈ 3ರಂದು ಜೇನ್ ಸ್ಟ್ರೀಟ್ ಎಂಬ ಅಮೆರಿಕದ ಸಂಸ್ಥೆಯ ವಿರುದ್ಧ ಹೊರಡಿಸಿದ ಮಧ್ಯಂತರ ಆದೇಶದಲ್ಲಿ ವಿವರವಿದೆ. ಜೇನ್ ಸ್ಟ್ರೀಟ್ ಇತರರ ಹಣ ನಿರ್ವಹಿಸುವ ಹೆಡ್ಜ್ ಫಂಡ್ ಅಲ್ಲ. ಸ್ವಂತ ಬಂಡವಾಳದಲ್ಲಿ ವಹಿವಾಟು ನಡೆಸುವ ಸಂಸ್ಥೆ. ಪೇಟೆಯಲ್ಲಿ ಅದರ ಬಲ ಮಾತ್ರ ಯಾವ ಹೆಡ್ಜ್ ಫಂಡ್‌ಗೂ ಕಡಿಮೆಯದಲ್ಲ.

ಆದೇಶದಲ್ಲಿನ ಆರೋಪ ಹೀಗಿದೆ. 2024ರ ಜನವರಿ 17 ಬ್ಯಾಂಕ್ ನಿಫ್ಟಿ ಆಪ್ಷನ್‌ಗಳ ವಾರದ ಕೊನೆಯ ದಿನ. ಅಂದು ಬೆಳಿಗ್ಗೆ ಸಂಸ್ಥೆ ಬ್ಯಾಂಕ್‌ಗಳ ಷೇರು ಮತ್ತು ಫ್ಯೂಚರ್ಸ್‌ಗಳನ್ನು 4,370 ಕೋಟಿ ರೂಪಾಯಿಯಷ್ಟು ಕೊಂಡಿತು. ಸೂಚ್ಯಂಕ ಮೇಲೆದ್ದಿತು. ಏರಿಕೆ ಮುಂದುವರಿಯುವುದೆಂದು ನಂಬಿದವರು ಏರಿಕೆಯ ಆಪ್ಷನ್‌ಗಳನ್ನು ಹೆಚ್ಚು ಬೆಲೆಗೆ ಕೊಂಡರು. ಇಳಿಕೆಯ ಆಪ್ಷನ್‌ಗಳು ಅಗ್ಗವಾದವು. ಅದೇ ಹೊತ್ತಿಗೆ ಸಂಸ್ಥೆ ಏರಿಕೆಯ ಆಪ್ಷನ್‌ಗಳನ್ನು ಮಾರಿ, ಇಳಿಕೆಯ ಆಪ್ಷನ್‌ಗಳನ್ನು ಕೊಂಡಿತು. ಮಧ್ಯಾಹ್ನ ಬೆಳಿಗ್ಗೆ ಕೊಂಡ ಷೇರುಗಳನ್ನು ಮಾರಿಹಾಕಿತು. ಸೂಚ್ಯಂಕ ಕುಸಿಯಿತು. ಷೇರುಗಳಲ್ಲಿ ಸುಮಾರು 61 ಕೋಟಿ ನಷ್ಟವಾದರೂ ಆಪ್ಷನ್‌ಗಳಲ್ಲಿ ಸುಮಾರು 735 ಕೋಟಿ ಲಾಭವಾಯಿತು.

ಇಂತಹ ವಹಿವಾಟುಗಳಿಂದ ಅಕ್ರಮವಾಗಿ ಗಳಿಸಿದ್ದೆಂದು ಹೇಳಲಾದ 4,843 ಕೋಟಿ ರೂಪಾಯಿಯನ್ನು ಠೇವಣಿ ಇಡುವಂತೆ ಸೆಬಿ ಸೂಚಿಸಿತು. ಸಂಸ್ಥೆ ಹಣವನ್ನು ಠೇವಣಿ ಇಟ್ಟಿತು. ಆದರೆ ಆರೋಪವನ್ನು ಒಪ್ಪಲಿಲ್ಲ. ತಾನು ಮಾಡಿದ್ದು ಬೆಲೆಗಳ ವ್ಯತ್ಯಾಸ ಸರಿದೂಗಿಸುವ ಸಾಮಾನ್ಯ ವ್ಯವಹಾರವೆಂದು ವಾದಿಸಿ 2025ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯ ಮೊರೆ ಹೋಯಿತು.

ಆರೋಪದ ಸತ್ಯಾಸತ್ಯತೆ ನಿರ್ಧರಿಸುವುದು ನ್ಯಾಯಮಂಡಳಿಯ ಕೆಲಸ. ಆದರೆ ಪೇಟೆಯ ರಚನೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಂದು ಬೆಳಿಗ್ಗೆ ಏರಿಕೆಯ ಆಪ್ಷನ್ ಕೊಂಡವನಿಗೆ ಮಧ್ಯಾಹ್ನ ಮೂರೂವರೆಯ ಗಡುವಿತ್ತು. ಮರುದಿನ ಸೂಚ್ಯಂಕ ಏರಿದರೂ ಅವನಿಗೆ ಪ್ರಯೋಜನವಿಲ್ಲ. ಅದೇ ಹಣದಲ್ಲಿ ಒಂದು ಬ್ಯಾಂಕಿನ ನಾಲ್ಕು ಷೇರು ಕೊಂಡವನಿಗೆ ಆ ದಿನದ ಏರಿಳಿತ ಬರಿಯ ಸುದ್ದಿ.

ಅಮೆರಿಕದ ಕಥೆಯನ್ನು ಆದರ್ಶವಾಗಿಟ್ಟುಕೊಂಡು ಆಪ್ಷನ್ ಕೊಳ್ಳುವ ನಮ್ಮ ಯುವಕರು ತಾವು ಗೇಮ್‌ಸ್ಟಾಪ್‌ನ ಸಣ್ಣ ಹೂಡಿಕೆದಾರರ ಪಾಳೆಯದಲ್ಲಿದ್ದೇವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅವರು ನಿಂತಿರುವುದು ಮೆಲ್ವಿನ್ ಕ್ಯಾಪಿಟಲ್ ನಿಂತಿದ್ದ ಜಾಗದಲ್ಲಿ: ತಲೆಯ ಮೇಲೆ ಗಡುವು, ಎದುರಿಗೆ ಕಾಯಬಲ್ಲವನು.

ರೈತರು ಬಲ್ಲ ಸತ್ಯ

ಈ ಮಾತನ್ನು ನಮ್ಮ ಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ ಬೆಳೆದ ಇಬ್ಬರಲ್ಲಿ ಸಾಲದ ಕಂತು ಎದುರಿಗಿರುವವನು ಸುಗ್ಗಿಯ ಇಳಿದ ದರಕ್ಕೇ ಮಾರುತ್ತಾನೆ. ಕೋಲ್ಡ್ ಸ್ಟೋರೇಜ್ ಬಾಡಿಗೆ ಭರಿಸಬಲ್ಲವನು ಕಾಯುತ್ತಾನೆ. ಹೊಲ ಒಂದೇ, ಬೆಳೆ ಒಂದೇ. ಬೇರೆಯಾಗಿರುವುದು ಕಾಯುವ ಶಕ್ತಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿತದಿಂದ ಕೆರಳಿದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆಯ ಹಿಂದಿದ್ದುದು ಮಾಲು ತಂದ ಮೇಲೆ ಅಂದಿನ ದರಕ್ಕೆ ಮಾರದೆ ಬೇರೆ ದಾರಿಯಿಲ್ಲವೆಂಬ ಅಸಹಾಯಕತೆ.

ಷೇರು ಪೇಟೆಯಲ್ಲಿ ಸಣ್ಣ ಹೂಡಿಕೆದಾರನಿಗೆ ದೈತ್ಯ ಸಂಸ್ಥೆಗಳಿಗಿಂತ ಮಾಹಿತಿ ಕಡಿಮೆ, ಹಣ ಕಡಿಮೆ, ವೇಗ ಕಡಿಮೆ. ಅವನಲ್ಲಿ ಮಾತ್ರ ಇರುವ ಅನುಕೂಲ ಒಂದೇ. ಸ್ವಂತ ಹಣದಲ್ಲಿ ಕೊಂಡರೆ ‘ಈ ತಿಂಗಳ ಲೆಕ್ಕ ತೋರಿಸು’ ಎಂದು ಕೇಳುವವರು ಅವನಿಗೆ ಯಾರೂ ಇಲ್ಲ. ಸಾಲ ಮಾಡಿ ಕೊಂಡ ಕ್ಷಣ, ಶಾರ್ಟ್ ಸೆಲ್ ಮಾಡಿದ ಕ್ಷಣ, ವಾರದ ಆಪ್ಷನ್ ಕೊಂಡ ಕ್ಷಣ ಆ ಒಂದು ಅನುಕೂಲವನ್ನು ಆತ ತಾನಾಗಿಯೇ ಎದುರಾಳಿಗೆ ಒಪ್ಪಿಸುತ್ತಾನೆ.

ಗಮನದಲ್ಲಿಡಬೇಕಾದ ಸಂಗತಿಗಳು

ಸೆಬಿ 2024ರ ನವೆಂಬರ್‌ನಿಂದ ಸೂಚ್ಯಂಕದ ವಾಯಿದೆ ಒಪ್ಪಂದದ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿ, ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ ವಾರದ ಆಪ್ಷನ್‌ಗೆ ಅವಕಾಶ ನೀಡಿತು. ಇದರಿಂದ ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ ನಿಂತುಹೋಯಿತು. ನಿಯಮ ಬಿಗಿಯಾದರೂ ನಷ್ಟ ನಿಲ್ಲಲಿಲ್ಲವೆಂಬುದನ್ನು 2024-25ರ ಅಂಕಿಗಳೇ ತೋರಿಸಿವೆ. ಆದ್ದರಿಂದ ಎಚ್ಚರ ಹೂಡಿಕೆದಾರನದೇ.

ಸಾಲದ ಹಣ, ಬೆಳೆ ಸಾಲ, ಚಿನ್ನ ಅಡವಿಟ್ಟ ಹಣ ಪೇಟೆಗೆ ಸಲ್ಲದು. ಇಲ್ಲದ ಷೇರನ್ನು ಮಾರುವ ಮುನ್ನ, ಕೊಳ್ಳಲು ಸಿಗದಿದ್ದರೆ ಹರಾಜಿನ ನಷ್ಟ ಎಷ್ಟಾದೀತೆಂದು ಲೆಕ್ಕ ಹಾಕಬೇಕು. ‘ಎಲ್ಲರೂ ಸೇರಿ ಕೊಳ್ಳೋಣ’ ಎಂಬ ಕರೆ ಬಂದರೆ, ಕರೆದವನು ಯಾವ ಬೆಲೆಗೆ ಕೊಂಡಿದ್ದಾನೆ ಎಂದು ಮೊದಲು ಕೇಳಬೇಕು. ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತರೇ ಎಂದು ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ದಲ್ಲಾಳಿ ಸಂಸ್ಥೆಯ ಮೇಲಿನ ದೂರುಗಳಿಗೆ ಸೆಬಿಯ ‘ಸ್ಕೋರ್ಸ್’ ವ್ಯವಸ್ಥೆ ಇದೆ. ಷೇರಿನ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡು ವಂಚಿಸಿದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಇಂತಹ ವಂಚನೆಗಳಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.